ಮೊಳೆ ಎಲ್ಲಿಗೆ ಹೊಡೆಯುತ್ತಿದ್ದರು? ರೋಮನ್ನರ ಶಿಲುಬೆ ಶಿಕ್ಷೆಯ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಶುಭ ಶುಕ್ರವಾರಕ್ಕೆ ನಮ್ಮ ಚರ್ಚಿನ ಯುವಕರು ಯೇಸುವಿನ ಯಾತನೆಯ ನಾಟಕ ಆಡುತ್ತಾರೆ. ಈ ಸಲ ರಂಗಸಜ್ಜಿಕೆ ನನ್ನ ಪಾಲಿಗೆ ಬಂದಿದೆ. ಮೊಳೆ ಅಂಗೈಗೆ ಎಂದು ಒಬ್ಬರು, ಮಣಿಕಟ್ಟಿಗೆ ಎಂದು ಇನ್ನೊಬ್ಬರು ಹಟ ಹಿಡಿದಿದ್ದಾರೆ. ಅಪರಾಧಿ ಇಡೀ ಶಿಲುಬೆಯನ್ನು ಹೊರುತ್ತಿದ್ದನೇ? ಪದ್ಧತಿ ನಿಜಕ್ಕೂ ಹೇಗಿತ್ತು?

ಉತ್ತರ (ಪ್ರಾಚೀನ ಇತಿಹಾಸದ ಅಧ್ಯಾಪಕ): ಇಬ್ಬರೂ ಹಟ ಬಿಡಬಹುದು. ಎಲ್ಲೆಡೆ ಒಂದೇ ರೀತಿ ಎಂಬ ಪದ್ಧತಿ ಇರಲೇ ಇಲ್ಲ. ಕೆಲವರನ್ನು ತಲೆಕೆಳಗಾಗಿ, ಕೆಲವರನ್ನು ತೋಳು ಚಾಚಿಸಿ ನೇತುಹಾಕಿದ್ದನ್ನು ತಾನು ಕಂಡಿದ್ದೇನೆ ಎಂದು ಒಂದನೇ ಶತಮಾನದ ರೋಮನ್ ತತ್ವಜ್ಞಾನಿ ಸೆನೆಕ ಬರೆಯುತ್ತಾನೆ. ಕ್ರಿ.ಶ. 70ರಲ್ಲಿ ಜೆರುಸಲೇಮಿಗೆ ಮುತ್ತಿಗೆ ಹಾಕಿದ್ದ ಸೈನಿಕರು ಸೆರೆಸಿಕ್ಕವರನ್ನು ತಮಾಷೆಗೆಂದು ಬಗೆಬಗೆಯ ಭಂಗಿಗಳಲ್ಲಿ ಜಡಿಯುತ್ತಿದ್ದರು ಎಂದು ಆ ಕಾಲದವನೇ ಆದ ಯೆಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ.

ಆದರೂ ಸಾಮಾನ್ಯ ಕ್ರಮ ಗೊತ್ತಿದೆ. ಮೊದಲು ಚಾಟಿಯೇಟು. ಬಳಿಕ ಅಡ್ಡಮರವನ್ನು ಹೆಗಲಿಗೇರಿಸಿ ಊರಿನ ಬೀದಿಗಳಲ್ಲಿ ನಡೆಸುವುದು. ನೆಟ್ಟ ಕಂಬ ಊರ ಹೊರಗೆ, ಜನ ಓಡಾಡುವ ದಾರಿಯ ಪಕ್ಕದಲ್ಲಿ ಇರುತ್ತಿತ್ತು. ತೋಳುಗಳನ್ನು ಅಡ್ಡಮರಕ್ಕೆ ಕಟ್ಟಿ ಅಥವಾ ಜಡಿದು, ಮರವನ್ನು ಕಂಬಕ್ಕೇರಿಸಿ, ಕಾಲುಗಳನ್ನು ಬಿಗಿಯುತ್ತಿದ್ದರು. ನಿಮ್ಮ ನಟನಿಗೆ ಅಡ್ಡಮರ ಸಾಕು; ಅವನ ಬೆನ್ನೂ ಉಳಿಯುತ್ತದೆ.

ಇನ್ನು ಮೊಳೆ. ಬರಹಗಳಿಗಿಂತ ಗಟ್ಟಿ ಸಾಕ್ಷಿ ಇರುವುದು ಒಂದು ಹಿಮ್ಮಡಿ ಮೂಳೆಯಲ್ಲಿ. 1968ರಲ್ಲಿ ಜೆರುಸಲೇಮಿನ ಗಿವತ್ ಹಮಿವ್ತಾರ್‌ನಲ್ಲಿ ಸಿಕ್ಕ ಕಲ್ಲಿನ ಅಸ್ಥಿಪೆಟ್ಟಿಗೆಯ ಮೇಲೆ ಯೆಹೋಹನಾನ್ ಎಂಬ ಹೆಸರಿತ್ತು. ಒಳಗಿದ್ದ ಬಲ ಹಿಮ್ಮಡಿಯಲ್ಲಿ ಸುಮಾರು 11.5 ಸೆಂಟಿಮೀಟರ್ ಉದ್ದದ ಮೊಳೆ ಪಕ್ಕದಿಂದ ತೂರಿ ನಿಂತಿತ್ತು. ಎರಡೂ ಪಾದಗಳನ್ನು ಒಂದೇ ಮೊಳೆಯಿಂದ ಜಡಿದಿದ್ದರೆಂದು ಮೊದಲು ಭಾವಿಸಿದ್ದರು. 1985ರ ಮರುಪರೀಕ್ಷೆಯಲ್ಲಿ ಅಷ್ಟು ಉದ್ದ ಆ ಮೊಳೆಗಿಲ್ಲವೆಂದು ತಿಳಿಯಿತು. ಕಂಬದ ಎರಡು ಬದಿಗೆ ಒಂದೊಂದು ಕಾಲನ್ನಿಟ್ಟು ಬೇರೆಬೇರೆಯಾಗಿ ಜಡಿದಿರಬೇಕು. ಕೈ ಮೂಳೆಗಳಲ್ಲಿ ಮೊಳೆಯ ಗುರುತಿಲ್ಲ, ಹಗ್ಗದಿಂದ ಕಟ್ಟಿರಬಹುದು. ಇಂಗ್ಲೆಂಡಿನ ಫೆನ್‌ಸ್ಟಾಂಟನ್‌ನಲ್ಲಿ 2017ರಲ್ಲಿ ಸಿಕ್ಕ ರೋಮನ್ ಕಾಲದ ಅಸ್ಥಿಪಂಜರದಲ್ಲೂ ಮೊಳೆ ಇದ್ದದ್ದು ಹಿಮ್ಮಡಿಯಲ್ಲೇ. ನಾವು ಕೈಗಾಗಿ ಜಗಳವಾಡುತ್ತಿದ್ದರೆ ಮೂಳೆಗಳು ಕಾಲನ್ನು ತೋರಿಸುತ್ತಿವೆ!

ಪ್ರಶ್ನೆ: ಸಾವಿಗೆ ಕಾರಣ ಉಸಿರುಗಟ್ಟುವುದು ಎಂದು ಓದಿದ್ದೆ. ಹೌದೇ?

ಉತ್ತರ (ವಿಧಿವಿಜ್ಞಾನ ವೈದ್ಯೆ): ಇದು ಇಪ್ಪತ್ತನೇ ಶತಮಾನದಲ್ಲಿ ಬಹಳ ಹರಡಿದ ವಾದ. ಅಂಗೈ ದೇಹದ ಭಾರ ತಡೆಯದೆ ಹರಿಯುತ್ತದೆ, ಆದ್ದರಿಂದ ಮೊಳೆ ಮಣಿಕಟ್ಟಿಗೆ ಎಂದು ಹೇಳಿದ ಫ್ರೆಂಚ್ ಶಸ್ತ್ರವೈದ್ಯ ಪಿಯರ್ ಬಾರ್ಬೆಯೇ ಇದನ್ನೂ ಪ್ರಚುರಪಡಿಸಿದರು. ಆಮೇಲೆ ಅಮೆರಿಕದ ಫ್ರೆಡರಿಕ್ ಜುಗಿಬೆ ಸ್ವಯಂಸೇವಕರನ್ನು ತೋಳು ಚಾಚಿಸಿ ಶಿಲುಬೆಗೆ ಕಟ್ಟಿ ಪರೀಕ್ಷಿಸಿದರು. ಯಾರಿಗೂ ಉಸಿರಾಟ ಕಷ್ಟವಾಗಲಿಲ್ಲ. ಆದರೆ ಆ ಸ್ವಯಂಸೇವಕರು ಚಾಟಿಯೇಟು ತಿಂದವರಲ್ಲ, ಬಾಯಾರಿ ದಿನಗಟ್ಟಲೆ ನೇತಾಡಿದವರೂ ಅಲ್ಲ. ರಕ್ತಸ್ರಾವ, ನಿರ್ಜಲೀಕರಣ, ಗಾಯದ ಆಘಾತ ಎಲ್ಲವೂ ಸೇರಿ ಕೊಂದಿರಬೇಕು; ಒಂದೇ ಕಾರಣ ಬರೆದುಕೊಡಿ ಎಂದರೆ ನಾನು ಸಹಿ ಹಾಕುವುದಿಲ್ಲ. ಕೆಲವು ಗಂಟೆಗಳಲ್ಲೇ ಯೇಸು ಸತ್ತರೆಂದು ಕೇಳಿ ರೋಮನ್ ಅಧಿಪತಿ ಪಿಲಾತ ಆಶ್ಚರ್ಯಪಟ್ಟ ಮಾತು ಮಾರ್ಕನ ಸುವಾರ್ತೆಯಲ್ಲಿದೆ. ಸಾಧಾರಣವಾಗಿ ಇನ್ನೂ ತಡವಾಗುತ್ತಿತ್ತು.

ಪ್ರಶ್ನೆ: ರೋಮನ್ನರೇ ಇದನ್ನು ಶುರುಮಾಡಿದರೇ? ಸೈನಿಕರೇ ನಡೆಸುತ್ತಿದ್ದರೇ?

ಉತ್ತರ (ಅಧ್ಯಾಪಕ): ಶುರುಮಾಡಿದವರು ಅವರಲ್ಲ. ಪರ್ಷಿಯನ್ನರಲ್ಲೂ ಉತ್ತರ ಆಫ್ರಿಕದ ಕಾರ್ತೇಜಿನವರಲ್ಲೂ ಇಂಥ ಶಿಕ್ಷೆಗಳಿದ್ದವು.

ನಡೆಸುತ್ತಿದ್ದವರು ಪ್ರಾಂತಗಳಲ್ಲಿ ಸೈನಿಕರು. ಇಟಲಿಯ ಪಟ್ಟಣಗಳ ಕಥೆ ಬೇರೆ. ನೇಪಲ್ಸ್ ಬಳಿಯ ಪುಟಿಯೋಲಿಯಲ್ಲಿ ಸಿಕ್ಕ ಶಾಸನವೊಂದು ಹೆಣ ಸಾಗಿಸುವ ಗುತ್ತಿಗೆಯ ಷರತ್ತುಗಳನ್ನು ಹೇಳುತ್ತದೆ. ಮನೆಯ ಗುಲಾಮನನ್ನು ಶಿಲುಬೆಗೇರಿಸಬೇಕೆಂದು ಒಡೆಯ ಬಯಸಿದರೆ ಅದೇ ಗುತ್ತಿಗೆದಾರ ಕಂಬ, ಹಗ್ಗ, ಆಳು ಎಲ್ಲ ಒದಗಿಸಬೇಕು. ಅಡ್ಡಮರ ತರುವವರಿಗೆ, ಚಾಟಿ ಬೀಸುವವರಿಗೆ, ವಧಕನಿಗೆ ತಲಾ 4 ಸೆಸ್ಟರ್ಸ್ (ರೋಮನ್ ನಾಣ್ಯ) ಕೂಲಿ. ಅಧಿಕಾರಿ ಆಜ್ಞೆ ಮಾಡಿದ್ದರೆ ಮಾತ್ರ ಕೆಲಸ ಪುಕ್ಕಟೆ, ಮೊಳೆ ಸಮೇತ. ಕ್ರೌರ್ಯದ ವರ್ಣನೆಗಳನ್ನು ಸಾಕಷ್ಟು ಓದಿದ್ದೇನೆ. ನನ್ನನ್ನು ಹೆಚ್ಚು ನಡುಗಿಸಿದ್ದು ಈ ದರಪಟ್ಟಿ.

ಇದು ಮುಖ್ಯವಾಗಿ ಗುಲಾಮರಿಗೆ, ದಂಗೆಕೋರರಿಗೆ ಇದ್ದ ಶಿಕ್ಷೆ. ಕ್ರಿ.ಪೂ. 71ರಲ್ಲಿ ಗುಲಾಮರ ನಾಯಕ ಸ್ಪಾರ್ಟಕಸ್‌ನ ದಂಗೆ ಮುರಿದ ರೋಮನ್ ಸೇನಾನಿ ಕ್ರಾಸಸ್, ಕಪುವಾದಿಂದ ರೋಮ್‌ವರೆಗಿನ ರಸ್ತೆಯುದ್ದಕ್ಕೂ 6,000 ಮಂದಿಯನ್ನು ಶಿಲುಬೆಗೇರಿಸಿದನೆಂದು ಇತಿಹಾಸಕಾರ ಅಪ್ಪಿಯನ್ ಬರೆಯುತ್ತಾನೆ.

ಪ್ರಶ್ನೆ: ಅಷ್ಟೊಂದು ಜನರನ್ನು ಕೊಂದಿದ್ದರೆ ಮೊಳೆ ಚುಚ್ಚಿದ ಮೂಳೆಗಳು ಏಕೆ ಇಷ್ಟು ವಿರಳ?

ಉತ್ತರ (ಅಧ್ಯಾಪಕ): ಹಗ್ಗ ಗುರುತು ಬಿಡುವುದಿಲ್ಲ. ಮೊಳೆಗಳನ್ನು ಕಿತ್ತು ಮತ್ತೆ ಬಳಸಬಹುದಿತ್ತು, ತಾಯಿತಕ್ಕೆಂದು ಒಯ್ಯುವವರೂ ಇದ್ದರು. ಎಷ್ಟೋ ಶವಗಳನ್ನು ಹದ್ದು, ನಾಯಿಗಳಿಗೆ ಬಿಟ್ಟುಬಿಡುತ್ತಿದ್ದರು. ಯೆಹೂದ್ಯರು ಮಾತ್ರ ಶಿಲುಬೆಗೇರಿದವರನ್ನೂ ಸೂರ್ಯಾಸ್ತದೊಳಗೆ ಇಳಿಸಿ ಹೂಳುತ್ತಿದ್ದರೆಂದು ಜೋಸೆಫಸ್ ಹೇಳುತ್ತಾನೆ. ಯೆಹೋಹನಾನ್‌ನ ಮೂಳೆಗಳು ಕುಟುಂಬದ ಗುಹೆ ಸೇರಿದ್ದು ಹಾಗೆ. ಅವನ ಹಿಮ್ಮಡಿಯ ಮೊಳೆಯ ತುದಿ ಬಾಗಿತ್ತು, ಪ್ರಾಯಶಃ ಮರದ ಗಂಟಿಗೆ ತಾಗಿ. ಕೀಳಲು ಬಾರದ್ದರಿಂದ ಅದನ್ನು ಮೂಳೆಯೊಂದಿಗೇ ಬಿಟ್ಟಿರಬೇಕು.