ಏರ್‌ಬ್ಯಾಗ್ ದೀಪ ಆರ್ತಾ ಇಲ್ಲ: ಬಿ1346, ಬಿ1368 ಕೋಡ್, ಎಲ್ಲಿಂದ ಶುರು ಮಾಡೋದು?

ತುಂಗಾತೀರ (ತೀರ್ಥಹಳ್ಳಿ)

2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಏರ್‌ಬ್ಯಾಗ್ ಮುಂದಿನ ಎರಡೇ, ಸೀಟಿನ ಪಕ್ಕದ್ದು ಇಲ್ಲ. ಮುಂದಿನ ಎರಡೂ ಬೆಲ್ಟಿಗೆ ಪ್ರಿಟೆನ್ಷನರ್ (ಗುದ್ದಿದಾಗ ಬೆಲ್ಟ್ ಬಿಗಿಯೋದು) ಇದೆ. ಕೀ ಆನ್ ಮಾಡಿದ ಆರೇಳು ಸೆಕೆಂಡಿಗೆ ಆರಬೇಕಾದ ಏರ್‌ಬ್ಯಾಗ್ ದೀಪ ಉರೀತಾನೇ ಇರುತ್ತೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಹಾರ್ನ್ ಒಮ್ಮೊಮ್ಮೆ ಕೈಕೊಡುತ್ತೆ. ಮಳೆಗಾಲಕ್ಕೆ ಮುಂಚೆ ನೆಲಕ್ಕೆ ಲ್ಯಾಮಿನೇಷನ್ ಮ್ಯಾಟ್ ಹಾಕಿಸಿದೆ, ಬೇರೇನೂ ಬಿಚ್ಚಿಸಿಲ್ಲ. ಸ್ಕ್ಯಾನರ್ ತೋರಿಸಿದ್ದು (ಆ್ಯಕ್ಟಿವ್ ಅಂದರೆ ಈಗಲೂ ಇರೋದು, ಹಿಸ್ಟರಿ ಅಂದರೆ ಹಿಂದೆ ಬಂದು ಹೋದದ್ದು):

ಬಿ1346: ಡ್ರೈವರ್ ಏರ್‌ಬ್ಯಾಗ್ ರೆಸಿಸ್ಟೆನ್ಸ್ ಹೆಚ್ಚು, ಆ್ಯಕ್ಟಿವ್
ಬಿ1368: ಪ್ಯಾಸೆಂಜರ್ ಪ್ರಿಟೆನ್ಷನರ್ ರೆಸಿಸ್ಟೆನ್ಸ್ ಕಡಿಮೆ, ಆ್ಯಕ್ಟಿವ್
ಬಿ1102: ಬ್ಯಾಟರಿ ವೋಲ್ಟೇಜ್ ಕಡಿಮೆ, ಹಿಸ್ಟರಿ

ಗ್ಯಾರೇಜಿನಲ್ಲಿ ಏರ್‌ಬ್ಯಾಗ್ ಇಸಿಯು (ಕಂಟ್ರೋಲ್ ಬಾಕ್ಸ್) ಹೋಗಿದೆ, ಅದನ್ನೇ ಬದಲಿಸಬೇಕು ಅಂತಾರೆ. ಹೌದಾ?

ಹಳದಿಸಾಕೆಟ್ (ಶಿವಮೊಗ್ಗ)

ಇಸಿಯುಗೆ ಈಗಲೇ ದುಡ್ಡು ಹಾಕಬೇಡಿ ಸರ್. ಅದೇ ಕೆಟ್ಟಿದ್ದರೆ ನಿಮ್ಮ ಕಾರಿನ ಕಂಪನಿಯ ಕೋಡ್ ಪಟ್ಟಿ ಪ್ರಕಾರ ಬಿ1620 (ಇಸಿಯು ಒಳಗಿನ ದೋಷ) ಬರಬೇಕಿತ್ತು. ನಿಮ್ಮಲ್ಲಿ ಬಂದಿರೋದು ಎರಡು ಬೇರೆ ಬೇರೆ ಸರ್ಕ್ಯೂಟಿನ ದೂರು. ಅಂದರೆ ಇಸಿಯು ತನ್ನ ಕೆಲಸ ತಾನು ನೆಟ್ಟಗೆ ಮಾಡ್ತಾ ಇದೆ.

ಮೊದಲು ಕೋಡ್ ಓದೋದು ಹೇಗೆ ಅಂತ ನೋಡಿ. ಬಿ0 ಅಂತ ಶುರುವಾದರೆ ಎಲ್ಲ ಕಂಪನಿಗೂ ಒಂದೇ ಅರ್ಥ: ಬಿ0001 ಡ್ರೈವರ್ ಏರ್‌ಬ್ಯಾಗಿನ ಮೊದಲ ಹಂತ, ಬಿ0010 ಪ್ಯಾಸೆಂಜರ್ ಕಡೆಯದು. ಬಿ1, ಬಿ2 ಆದರೆ ಆಯಾ ಕಂಪನಿಯ ಸ್ವಂತ ನಂಬರು, ಇನ್ನೊಂದು ಕಂಪನಿಯ ಪಟ್ಟಿ ಇಟ್ಟುಕೊಂಡು ಅರ್ಥ ಹುಡುಕಿದರೆ ದಾರಿ ತಪ್ಪುತ್ತೀರಿ. ಕೆಲವು ಕಾರಿನಲ್ಲಿ ಕೋಡಿನ ಬಾಲಕ್ಕೆ ಎರಡಕ್ಷರ ಇರುತ್ತೆ: 11 ಅಂದರೆ ಬಾಡಿ ಅರ್ತಿಗೆ ಶಾರ್ಟ್, 12 ಬ್ಯಾಟರಿಗೆ ಶಾರ್ಟ್, 13 ಓಪನ್, 1ಎ ರೆಸಿಸ್ಟೆನ್ಸ್ ಕಡಿಮೆ, 1ಬಿ ಹೆಚ್ಚು. ಭಾಗದ ಹೆಸರಿಗಿಂತ ಈ ಬಾಲವೇ ಜಾಸ್ತಿ ಹೇಳುತ್ತೆ.

ಏರ್‌ಬ್ಯಾಗಿನ ಒಳಗಿನ ಸ್ಕ್ವಿಬ್ (ಕರೆಂಟ್ ಹರಿದಾಗ ಬ್ಯಾಗ್ ಸಿಡಿಸೋ ಭಾಗ) ಸುಮಾರು 2 ಓಮ್. ಇಸಿಯು ಅದರೊಳಗೆ ಸಣ್ಣ ಕರೆಂಟ್ ಹರಿಸಿ ಆಗಾಗ ಅಳೀತಾ ಇರುತ್ತೆ. ಎಲ್ಲೋ ಒಂದು ಪಿನ್ ಕಿಲುಬು ಹಿಡಿದು ಎರಡು ಮೂರು ಓಮ್ ಸೇರಿಕೊಂಡರೂ 'ಹೆಚ್ಚು' ಅನ್ನುತ್ತೆ.

ಬಿ1346 ಜೊತೆ ಹಾರ್ನೂ ಕೈಕೊಡ್ತಾ ಇದೆ ಅಂದರೆ ಅನುಮಾನ ನೇರ ಕ್ಲಾಕ್ ಸ್ಪ್ರಿಂಗ್ ಮೇಲೆ. ಸ್ಟಿಯರಿಂಗ್ ಕೆಳಗೆ ಸುರುಳಿ ಸುತ್ತಿದ ರಿಬ್ಬನ್ ಕೇಬಲ್ ಅದು. ಹಾರ್ನು, ಆಡಿಯೊ ಬಟನ್ನು, ಏರ್‌ಬ್ಯಾಗು ಮೂರರ ವೈರೂ ಅದರೊಳಗೇ ಹೋಗೋದು. ಘಾಟಿಯ ಹೇರ್‌ಪಿನ್ನು, ತೋಟದ ದಾರೀಲಿ ಹಿಂದೆಮುಂದೆ ಮಾಡೋದು, ಹೀಗೆ ಫುಲ್ ಲಾಕ್ ತಿರುಗಿಸಿದಷ್ಟೂ ರಿಬ್ಬನ್ ಮಡಿಕೆಯಲ್ಲಿ ಸೀಳುತ್ತೆ.

ಬಿ1368ರ ಕಥೆ ಬೇರೆ. ಹಳದಿ ಕನೆಕ್ಟರಿನಲ್ಲಿ ಶಾರ್ಟಿಂಗ್ ಬಾರ್ ಅಂತ ಒಂದು ಪುಟ್ಟ ಪಟ್ಟಿ ಇರುತ್ತೆ. ಕನೆಕ್ಟರ್ ಬಿಚ್ಚಿದ ಕೂಡಲೇ ಅದು ಎರಡೂ ಪಿನ್ ಸೇರಿಸಿಬಿಡುತ್ತೆ, ಬಿಚ್ಚಿಟ್ಟಾಗ ಆಕಸ್ಮಿಕವಾಗಿ ಸಿಡಿಯದಿರಲಿ ಅಂತ. ಪೂರ್ತಿ ಕೂತಾಗ ಮಾತ್ರ ಬಾರ್ ಮೇಲೇಳುತ್ತೆ. ಅರ್ಧ ಕೂತಿದ್ದರೆ ಪಿನ್ನೂ ತಾಗಿರುತ್ತೆ, ಬಾರೂ ಬಿಟ್ಟಿರೋದಿಲ್ಲ. ಇಸಿಯು 'ಕಡಿಮೆ' ಅಂತ ಓದುತ್ತೆ. ಲ್ಯಾಮಿನೇಷನ್ ಹಾಕುವವರು ಬಾಗಿಲ ಪಟ್ಟಿ, ಬಿ-ಪಿಲ್ಲರ್ (ಮುಂದಿನ ಹಿಂದಿನ ಬಾಗಿಲ ನಡುವಿನ ಕಂಬ) ಕೆಳಗಿನ ಕವರ್ ಬಿಚ್ಚುತ್ತಾರೆ. ಪ್ರಿಟೆನ್ಷನರ್ ಇರೋದು ಅಲ್ಲೇ, ಬೆಲ್ಟ್ ಸುತ್ತುವ ರೀಲಿನಲ್ಲಿ. 'ಬೇರೇನೂ ಬಿಚ್ಚಿಸಿಲ್ಲ' ಅಂದಿರಲ್ಲ, ಬಿಚ್ಚಿದ್ದು ಅವರು!

ಬಿ1102 ಹಳೇದು. ಬ್ಯಾಟರಿ ಇಳಿದಾಗಲೋ ಜಂಪ್ ಸ್ಟಾರ್ಟ್ ಮಾಡಿದಾಗಲೋ ಬಂದಿರುತ್ತೆ. ಬ್ಯಾಟರಿ ಒಮ್ಮೆ ನೋಡಿಸಿ, ಸಾಕು.

ಕೊಡಚಾದ್ರಿ (ಹೊಸನಗರ)

ಏರ್‌ಬ್ಯಾಗ್ ಕನೆಕ್ಟರ್ ಬಿಚ್ಚಿ 2 ಓಮ್ ರೆಸಿಸ್ಟರ್ ಸಿಕ್ಕಿಸಿ, ದೀಪ ಆರುತ್ತೆ. ಆಟೋ ಕಾಂಪ್ಲೆಕ್ಸ್ ಕಡೆ ಹಾಗೇ ಮಾಡಿಕೊಟ್ಟಿದ್ದನ್ನು ನೋಡಿದ್ದೇನೆ. ಇಲ್ಲಾಂದ್ರೆ ಮಲ್ಟಿಮೀಟರ್ ಹಿಡಿದು ಏರ್‌ಬ್ಯಾಗ್ ಒಳ್ಳೇದಾ ಅಂತ ನೋಡಿ.

ಹಳದಿಸಾಕೆಟ್ (ಶಿವಮೊಗ್ಗ)

ಎರಡೂ ಬೇಡ ಮಾರಾಯ್ರೇ. ರೆಸಿಸ್ಟರ್ ಪರೀಕ್ಷೆಗೆ ಮಾತ್ರ. ಅದನ್ನೇ ಬಿಟ್ಟು ಓಡಿಸಿದರೆ ದೀಪ ಆರಿರುತ್ತೆ, ಗುದ್ದಿದ ದಿನ ಬ್ಯಾಗ್ ಬರಲ್ಲ. ಮುಂದೆ ಆ ಕಾರು ಕೊಂಡವನಿಗೆ ಸುಳಿವೂ ಇರಲ್ಲ. ಇನ್ನು ಮೀಟರ್: ಏರ್‌ಬ್ಯಾಗ್ ಆಗಲಿ ಪ್ರಿಟೆನ್ಷನರ್ ಆಗಲಿ, ಅದರ ಪಿನ್ನಿಗೆ ಮೀಟರ್ ಕಡ್ಡಿ ತಾಗಿಸಲೇಬಾರದು. ಟೆಸ್ಟ್ ಲ್ಯಾಂಪ್ ಅಂತೂ ಇನ್ನೂ ಅಪಾಯ. 21 ವ್ಯಾಟ್ ಬಲ್ಬು 12 ವೋಲ್ಟಿಗೆ 1.75 ಆಂಪಿಯರ್ ಎಳೆಯುತ್ತೆ. ಸ್ಕ್ವಿಬ್ ಸಿಡಿಯೋಕೆ 1.2 ಆಂಪಿಯರ್ ಸಾಕು.

ತುಂಗಾತೀರ ಅವರಿಗೆ ಕ್ರಮ ಹೇಳ್ತೀನಿ. ಕೀ ತೆಗೆದು, ಬ್ಯಾಟರಿ ಮೈನಸ್ ಬಿಚ್ಚಿ, ತುದಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಕಟ್ಟಿ. ಕಡಿಮೆ ಅಂದರೂ 3 ನಿಮಿಷ ಸುಮ್ಮನಿರಿ, ಇಸಿಯು ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತೆ. ಮ್ಯಾನುಯಲ್ಲಿನಲ್ಲಿ ಇದಕ್ಕಿಂತ ಹೆಚ್ಚು ಬರೆದಿದ್ದರೆ ಅಷ್ಟು ಕಾಯಿರಿ.

ಸುಲಭದ್ದು ಮೊದಲು. ಎಡಗಡೆ ಬಿ-ಪಿಲ್ಲರ್ ಕೆಳಗಿನ ಕವರ್ ತೆಗೆದು ಹಳದಿ ಕನೆಕ್ಟರ್ ನೋಡಿ. ಲಾಕ್ ಪೂರ್ತಿ ಒಳಗಿದೆಯಾ, ಟಕ್ ಅಂತ ಕೂರುತ್ತಾ? ಬಿಚ್ಚಿ, ಟಾರ್ಚ್ ಬಿಟ್ಟು ಬಾರ್ ಬಾಗಿದೆಯಾ, ಹಸಿರು ಕಿಲುಬು ಇದೆಯಾ ಪರೀಕ್ಷೆ ಮಾಡಿ.

ಆಮೇಲೆ ಸ್ಟಿಯರಿಂಗ್. ಡ್ರೈವರ್ ಏರ್‌ಬ್ಯಾಗ್ ಬಿಚ್ಚಿ, ಕವರ್ ಮುಖ ಮೇಲೆ ಬರುವ ಹಾಗೆ ಕಾರಿನಿಂದ ದೂರ ಇಡಿ. ಮುಖ ಕೆಳಗೆ ಮಾಡಿ ಇಟ್ಟದ್ದು ಸಿಡಿದರೆ ಇಡೀ ಮಾಡ್ಯೂಲೇ ಹಾರುತ್ತೆ. ಅದರ ಜಾಗದಲ್ಲಿ ಕನೆಕ್ಟರಿಗೆ ಸರಿಯಾದ ಅಡಾಪ್ಟರ್ ಇರುವ 2 ಓಮ್ ಡಮ್ಮಿ (ಪರೀಕ್ಷೆಯ ರೆಸಿಸ್ಟರ್) ಹಾಕಿ. ದಪ್ಪ ತಂತಿ ತುರುಕಿದರೆ ಟರ್ಮಿನಲ್ ಅಗಲವಾಗಿ ಹೊಸ ರೋಗ ಬರುತ್ತೆ. ಬ್ಯಾಟರಿ ಜೋಡಿಸಿ, ಇಗ್ನಿಷನ್ ಆನ್ ಮಾಡಿ ಸ್ಕ್ಯಾನರಿನಲ್ಲಿ ಲೈವ್ ಡೇಟಾ ನೋಡ್ತಾ ಸ್ಟಿಯರಿಂಗ್ ಆ ತುದಿಯಿಂದ ಈ ತುದಿಗೆ ನಿಧಾನ ತಿರುಗಿಸಿ. ಓಮ್ ಕುಣಿದರೆ ತಪ್ಪು ಕ್ಲಾಕ್ ಸ್ಪ್ರಿಂಗಿನದ್ದೋ ಅದರ ಹಿಂದಿನ ವೈರಿನದ್ದೋ. ಮತ್ತೆ ಬ್ಯಾಟರಿ ಬಿಚ್ಚಿ ಕಾದು, ಡಮ್ಮಿಯನ್ನು ಸ್ಟಿಯರಿಂಗ್ ಕಾಲಮ್ ಕೆಳಗಿನ ಕನೆಕ್ಟರಿಗೆ ಹಾಕಿ. ಅಲ್ಲಿ ಸ್ಥಿರವಾಗಿದ್ದರೆ ಕ್ಲಾಕ್ ಸ್ಪ್ರಿಂಗೇ ಹೋಗಿರೋದು. ಮೇಲೆ ಹಾಕಿದಾಗಲೇ ಸ್ಥಿರವಾಗಿದ್ದು ಕೋಡೂ ಹೋದರೆ ಮಾಡ್ಯೂಲ್ ಅಥವಾ ಅದರ ಪಿನ್ ನೋಡಬೇಕು.

ಡಮ್ಮಿ ಇಲ್ಲದೆ ಕನೆಕ್ಟರ್ ಬಿಚ್ಚಿಟ್ಟು ಕೀ ಆನ್ ಮಾಡಬೇಡಿ, ಇಲ್ಲದ ಕೋಡೆಲ್ಲ ದಾಖಲಾಗುತ್ತೆ.

ವರದಾಮೂಲ (ಸಾಗರ)

ಒಂದು ಸೇರಿಸ್ತೀನಿ. ಎಂಜಿನ್ ಕೋಡ್ ಓದುವ ಅಗ್ಗದ ಬ್ಲೂಟೂತ್ ಡಬ್ಬಿಗಳಲ್ಲಿ ಹೆಚ್ಚಿನವು ಏರ್‌ಬ್ಯಾಗ್ ಇಸಿಯು ಜೊತೆ ಮಾತೇ ಆಡಲ್ಲ. 'ದೋಷ ಇಲ್ಲ' ಅಂತ ತೋರಿಸಿದರೆ ನಂಬಬೇಡಿ. ಸ್ಕ್ಯಾನರಿನಲ್ಲಿ ಎಸ್‌ಆರ್‌ಎಸ್ (ಏರ್‌ಬ್ಯಾಗ್ ವ್ಯವಸ್ಥೆ) ಅಂತ ಬೇರೆ ಮೆನು ಇರಬೇಕು.

ಕಾರ್ಪೆಟ್ ಎತ್ತಿ ಒತ್ತಿ ನೋಡಿ. ನಮ್ಮ ಕಡೆ ಕಾರು ನಿಲ್ಲಿಸೋದು ಮರದ ಕೆಳಗೆ. ಎಲೆ ಬಿದ್ದು ವೈಪರ್ ಕೆಳಗಿನ ನೀರು ಹೋಗುವ ತೂತು ಕಟ್ಟಿಕೊಳ್ಳುತ್ತೆ, ಎಸಿ ಡ್ರೈನ್ ಪೈಪೂ ಕಟ್ಟುತ್ತೆ. ನೀರು ಕಾರ್ಪೆಟ್ ಕೆಳಗಿನ ಫೋಮಿಗೆ ಇಳಿದರೆ ಮೇಲೆ ಲ್ಯಾಮಿನೇಷನ್ ಇರೋದರಿಂದ ಆರೋದೇ ಇಲ್ಲ. ತುಂಬಾ ಕಾರುಗಳಲ್ಲಿ ಏರ್‌ಬ್ಯಾಗ್ ಇಸಿಯು ಕೂತಿರೋದು ಗೇರ್ ಮುಂದೆ, ಅದೇ ನೆಲದ ಮೇಲೆ. ಇಲಿ ಕಡಿದಿದೆಯಾ ಅಂತಲೂ ನೋಡಿ, ಅಡಿಕೆ ಶೆಡ್ಡಿನಲ್ಲಿ ನಿಲ್ಲಿಸೋ ಕಾರಿಗೆ ಅದೊಂದು ಕಾಟ.

ಕಿಲುಬಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಒಣಗಿಸಿ. ಸ್ಯಾಂಡ್‌ಪೇಪರ್ ಬೇಡ, ಪಿನ್ನಿನ ಲೇಪ ಕಿತ್ತುಹೋಗುತ್ತೆ.

ತುಂಗಾತೀರ (ತೀರ್ಥಹಳ್ಳಿ)

ಬಿ-ಪಿಲ್ಲರ್ ಕನೆಕ್ಟರ್ ಅರ್ಧಕ್ಕೇ ನಿಂತಿತ್ತು, ಲಾಕ್ ಹೊರಗೇ ಇತ್ತು. ಒತ್ತಿ ಕೂರಿಸಿ ಕೋಡ್ ಅಳಿಸಿದೆ, ಬಿ1368 ಮತ್ತೆ ಬಂದಿಲ್ಲ. ಸ್ಟಿಯರಿಂಗ್ ಮೇಲೆ ಡಮ್ಮಿ ಹಾಕಿದಾಗ ನೇರ ಇದ್ದರೆ 2.3 ಓಮ್, ಬಲಕ್ಕೆ ತಿರುಗಿಸಿದರೆ 6 ದಾಟುತ್ತೆ. ಕಾಲಮ್ ಕೆಳಗೆ ಹಾಕಿದಾಗ ಅಲುಗಾಡದೆ 2.1. ಕ್ಲಾಕ್ ಸ್ಪ್ರಿಂಗ್ ತರಿಸ್ತೀನಿ. ಹಾಕುವಾಗ ಏನು ನೋಡಬೇಕು? ಒಳಗಡೆ ಕಾರ್ಪೆಟ್ ಒದ್ದೆ ಇದೆ, ಎಡಗಡೆ ಮುಂದೆ.

ಹಳದಿಸಾಕೆಟ್ (ಶಿವಮೊಗ್ಗ)

ಪಾರ್ಟ್ ನಂಬರು ನೋಡಿಯೇ ತರಿಸಿ. ಆಡಿಯೊ ಬಟನ್ ಇರೋದಕ್ಕೂ ಇಲ್ಲದ್ದಕ್ಕೂ ಪಿನ್ ಬೇರೆ. ಗುಜರಿಯದ್ದು ಬೇಡ.

ಬ್ಯಾಟರಿ ಬಿಚ್ಚೋ ಮುಂಚೆಯೇ ಮುಂದಿನ ಚಕ್ರ ನೇರ ಮಾಡಿ. ಹೊಸದರಲ್ಲಿ ಲಾಕ್ ಪಿನ್ನೋ ಟೇಪೋ ಇರುತ್ತೆ, ಕಾಲಮ್ಮಿಗೆ ಕೂರಿಸುವವರೆಗೂ ಅದನ್ನು ಕೀಳಬೇಡಿ. ಅಕಸ್ಮಾತ್ ತಿರುಗಿಹೋದರೆ ಪ್ರದಕ್ಷಿಣೆಯಾಗಿ ಮೆಲ್ಲಗೆ ನಿಲ್ಲುವವರೆಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಬಾಣದ ಗುರುತು ಸೇರುವವರೆಗೆ. ಎರಡರಿಂದ ಮೂರು ಸುತ್ತು ಬರುತ್ತೆ, ಸರಿಯಾದ ಲೆಕ್ಕ ಅದರ ಮೇಲಿನ ಸ್ಟಿಕ್ಕರಿನಲ್ಲಿ ಇರುತ್ತೆ. ಮಧ್ಯ ತಪ್ಪಿದರೆ ಮೊದಲನೇ ಫುಲ್ ಲಾಕಿಗೇ ರಿಬ್ಬನ್ ಹರಿಯುತ್ತೆ. ಸ್ಟಿಯರಿಂಗ್ ತೆಗೆಯುವಾಗ ಶಾಫ್ಟಿಗೂ ಸ್ಟಿಯರಿಂಗ್ ಚಕ್ರಕ್ಕೂ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಸೆಂಟರ್ ನಟ್ ಮ್ಯಾನುಯಲ್ ಹೇಳಿದ ಟಾರ್ಕಿಗೇ ಬಿಗಿಯಿರಿ, ಅಂದಾಜು ಬೇಡ.

ಕೊನೆಗೆ ಬ್ಯಾಟರಿ ಜೋಡಿಸಿ ಮೊದಲ ಸಲ ಕೀ ಆನ್ ಮಾಡುವಾಗ ಸ್ಟಿಯರಿಂಗ್ ಎದುರು ಕೂರಬೇಡಿ, ಪಕ್ಕದಿಂದ ಕೈ ಹಾಕಿ ತಿರುಗಿಸಿ. ಕೋಡ್ ಅಳಿಸಿ, ಎರಡೂ ಕಡೆ ಫುಲ್ ಲಾಕ್ ಮಾಡಿ, ಮತ್ತೆ ಸ್ಕ್ಯಾನ್ ಮಾಡಿ.

ವರದಾಮೂಲ (ಸಾಗರ)

ಎಡಗಡೆ ಒದ್ದೆ ಅಂದರೆ ಮೊದಲು ಎಸಿ ಡ್ರೈನ್. ಎಸಿ ಹತ್ತು ನಿಮಿಷ ಹಾಕಿದರೂ ಕಾರಿನ ಕೆಳಗೆ ನೀರು ತೊಟ್ಟಿಕ್ಕದಿದ್ದರೆ ಪೈಪ್ ಕಟ್ಟಿದೆ. ಅದು ಸರಿಯಿದ್ದರೆ ವೈಪರ್ ಕೆಳಗೆ ಒಂದು ಚೊಂಬು ನೀರು ಹಾಕಿ, ಒಳಗೆ ಎಲ್ಲಿಂದ ಇಳಿಯುತ್ತೆ ನೋಡಿ. ಸೀಟ್ ತೆಗೆದು ಲ್ಯಾಮಿನೇಷನ್ ಎತ್ತಿ ಫೋಮ್ ಒಣಗಿಸಬೇಕು. ಆಷಾಢದಲ್ಲಿ ಬಿಸಿಲು ನಂಬಿಕೊಂಡರೆ ಆಗಲ್ಲ, ಅಡಿಕೆ ಒಣಗಿಸೋ ಡ್ರೈಯರ್ ರೂಮಿನ ಹೊರಗೆ ನಿಲ್ಲಿಸಿ ಫ್ಯಾನ್ ಬಿಡಿ. ಸೀಟ್ ವಾಪಸ್ ಹಾಕುವಾಗ ಅದರ ಕೆಳಗಿನ ಬಕಲ್ ವೈರು ರೈಲಿಗೆ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ.