ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಓದಿಸುವುದು: ಮದರಸದಲ್ಲಿ ಹೇಗೆ ನಡೆಸಬೇಕು?

ಪ್ರಶ್ನೆ

ಅಸ್ಸಲಾಮು ಅಲೈಕುಂ. ದಕ್ಷಿಣ ಕನ್ನಡದ ಹಳ್ಳಿ ಮದರಸ. ಮಗ್ರಿಬ್ (ಸೂರ್ಯಾಸ್ತದ ನಮಾಜ್) ಆದ ಮೇಲೆ ಒಂದೂವರೆ ಗಂಟೆ ಪಾಠ, 45 ಮಕ್ಕಳು, ಒಬ್ಬರೇ ಉಸ್ತಾದ್ (ಗುರು). ಒಂದು ಮಗುವಿಗೆ 2 ನಿಮಿಷ ಸಿಕ್ಕರೆ ಹೆಚ್ಚು. 7ನೇ ತರಗತಿ ದಾಟಿದವರನ್ನು ಚಿಕ್ಕವರ ಜೊತೆ ಕೂರಿಸೋಣ ಎಂದಿದ್ದೇವೆ. ಯಾರನ್ನು ಆರಿಸಬೇಕು? ಅವರಿಗೆ ಏನು ಒಪ್ಪಿಸಬಹುದು, ಏನು ಒಪ್ಪಿಸಬಾರದು?

ಉತ್ತರ 1

ವ ಅಲೈಕುಮುಸ್ಸಲಾಂ. ಪಳ್ಳಿ ದರ್ಸ್‌ನಲ್ಲಿ (ಮಸೀದಿಯಲ್ಲೇ ನಡೆಯುವ ಧಾರ್ಮಿಕ ಪಾಠ) ಇದು ಹಿಂದಿನಿಂದಲೂ ಇದೆ. ಮುದರ್ರಿಸ್ (ಅಲ್ಲಿನ ಗುರು) ದೊಡ್ಡ ಮುತಅಲ್ಲಿಮರಿಗೆ (ವಿದ್ಯಾರ್ಥಿಗಳಿಗೆ) ಓದಿಸುತ್ತಾರೆ, ಆ ವಿದ್ಯಾರ್ಥಿಗಳು ಚಿಕ್ಕ ಕಿತಾಬ್ (ಪಠ್ಯಗ್ರಂಥ) ಓದುವವರಿಗೆ ಹೇಳಿಕೊಡುತ್ತಾರೆ. ಹೇಳಿಕೊಡುವವನು ಆ ಕಿತಾಬ್ ಮುಗಿಸಿರುತ್ತಾನೆ ಎಂಬುದೇ ಅದರ ಬಲ. ನೀವೂ ಅಷ್ಟು ಬಿಗಿ ಇಟ್ಟುಕೊಳ್ಳಿ.

ಚಿಕ್ಕವರ ಫಾತಿಹ (ಕುರ್‌ಆನಿನ ಮೊದಲ ಅಧ್ಯಾಯ) ಕೇಳುವವನ ಫಾತಿಹವನ್ನು ಮೊದಲು ಉಸ್ತಾದರೇ ಕೇಳಲಿ. ಬಿಸ್ಮಿ (ಆರಂಭದ 'ಬಿಸ್ಮಿಲ್ಲಾಹ್' ವಾಕ್ಯ) ಸೇರಿ 7 ಆಯತ್ (ವಾಕ್ಯ), 14 ಶದ್ದ್ (ಅಕ್ಷರವನ್ನು ಒತ್ತಿ ಹೇಳುವ ಗುರುತು). 'ಇಯ್ಯಾಕ' (ನಿನ್ನನ್ನೇ) ಪದದಲ್ಲಿ ಯಾ ಅಕ್ಷರ ಸಡಿಲವಾದರೆ ಅರ್ಥವೇ ಕೆಡುತ್ತದೆ. ನಮ್ಮ ಕಡೆಯ ಮಕ್ಕಳಿಗೆ ನಾಲಿಗೆಯ ಬುಡ ಎತ್ತಿ ಹೇಳಬೇಕಾದ ಖಾಫ್ ಬೇಗ ಬರುವುದಿಲ್ಲ, ಕಾಫ್ ಆಗಿಬಿಡುತ್ತದೆ. ಖಲ್ಬ್ ಅಂದರೆ ಹೃದಯ, ಕಲ್ಬ್ ಅಂದರೆ ನಾಯಿ! ದೊಡ್ಡವನಲ್ಲಿ ಈ ತಪ್ಪು ಉಳಿದಿದ್ದರೆ ಸುತ್ತ ಕೂತ ಎಲ್ಲರ ಬಾಯಿಗೂ ಹತ್ತುತ್ತದೆ, ಆಮೇಲೆ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಒಬ್ಬನಿಗೆ 4 ಮಕ್ಕಳು ಸಾಕು. ತಪ್ಪಿದಲ್ಲಿ ಬೆರಳಿಟ್ಟು ಸುಮ್ಮನಿರಲಿ, ಮಗು ತಾನೇ ತಿದ್ದಿಕೊಳ್ಳಲಿ. ಎರಡನೇ ಸಲವೂ ಬರದಿದ್ದರೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿ ಉಸ್ತಾದರ ಬಳಿ ಕಳಿಸಲಿ. ಹಳೆಯ ಪಾಠ ಒಪ್ಪಿಸಿಕೊಳ್ಳುವುದಷ್ಟೇ ಅವನ ಕೆಲಸ. ಹೊಸ ಪಾಠ ಕೊಡುವಂತಿಲ್ಲ. ಬೆತ್ತವನ್ನಂತೂ ಮುಟ್ಟಲೇಬಾರದು: ಹೆದರಿದ ಮಗು ದನಿ ತಗ್ಗಿಸುತ್ತದೆ, ದನಿ ತಗ್ಗಿದರೆ ತಪ್ಪು ಕೇಳಿಸುವುದೇ ಇಲ್ಲ.

ಉತ್ತರ 2

ಓದು ನೋಡುವ ಮೊದಲು ವುಝೂ (ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವುದು) ಮಾಡುವ ಜಾಗದಲ್ಲಿ ನಿಂತು ನೋಡಿ. ಚಿಕ್ಕ ಮಕ್ಕಳು ವುಝೂ ಕಲಿಯುವುದು ಪುಸ್ತಕದಿಂದಲ್ಲ, ಪಕ್ಕದ ನಲ್ಲಿಯಲ್ಲಿ ಕೂತ ಅಣ್ಣನನ್ನು ನೋಡಿ. ಅವನು ಅವಸರದಲ್ಲಿ ಅಂಗಿಯ ತೋಳನ್ನು ಅರ್ಧಕ್ಕೇ ಮಡಚಿದರೆ ಮೊಣಕೈ ಒಣಗಿಯೇ ಉಳಿಯುತ್ತದೆ, ಇವರದ್ದೂ ಹಾಗೇ. ಮೊಣಕೈಯಿಂದ ನಾಲ್ಕು ಬೆರಳು ಮೇಲಕ್ಕೆ ಮಡಚಲಿ. ಕಾಲಿಗೆ ಮುಂದಿನಿಂದ ನೀರು ಬಿಟ್ಟರೆ ಹಿಮ್ಮಡಿಗೆ ತಾಗುವುದಿಲ್ಲ, ಎಡಗೈಯಿಂದ ಹಿಂದೆ ಉಜ್ಜಬೇಕು. ಒಣಗಿದ ಹಿಮ್ಮಡಿಯ ಬಗ್ಗೆ ಹದೀಸಿನಲ್ಲಿ ಕಠಿಣ ಎಚ್ಚರಿಕೆಯೇ ಇದೆ. ಇಷ್ಟನ್ನು ಯಾರೂ ಹೇಳದೆ ಸರಿಯಾಗಿ ಮಾಡುವ ಹುಡುಗ, ತಜ್ವೀದಿನಲ್ಲಿ (ಕುರ್‌ಆನ್ ಉಚ್ಚಾರಣೆಯ ನಿಯಮ) ಎರಡನೆಯವನಾದರೂ, ನನ್ನ ಮಟ್ಟಿಗೆ ಮೊದಲ ಆಯ್ಕೆ. ಹುಡುಗಿಯರ ಗುಂಪಿಗೆ ದೊಡ್ಡ ಹುಡುಗಿಯರನ್ನೇ ಹಾಕಿ.

ಉತ್ತರ 3

ಇನ್ನೊಂದು ಮಾತು. ನಮ್ಮ ಶಾಫಿ ಪದ್ಧತಿಯವರಲ್ಲದೆ, ಘಟ್ಟದ ಮೇಲಿನಿಂದ ಬಂದ ಹನಫಿ (ಇನ್ನೊಂದು ಕರ್ಮಶಾಸ್ತ್ರ ಪದ್ಧತಿ) ಮನೆಯ ಮಕ್ಕಳಿದ್ದರೆ ದೊಡ್ಡ ಹುಡುಗರಿಗೆ ಮೊದಲೇ ತಿಳಿಸಿ. ನಮಾಜಿನಲ್ಲಿ ರುಕೂಗೆ (ಬಾಗುವುದಕ್ಕೆ) ಹೋಗುವಾಗ ಹನಫಿಗಳು ಕೈ ಎತ್ತುವುದಿಲ್ಲ, ಸುಬ್ಹ್‌ನಲ್ಲಿ (ಮುಂಜಾನೆಯ ನಮಾಜ್) ಖುನೂತ್ ಎಂಬ ಪ್ರಾರ್ಥನೆ ಓದುವುದಿಲ್ಲ. ಶಾಫಿ ಹುಡುಗ ಅದನ್ನು 'ತಪ್ಪು' ಎಂದು ಎಲ್ಲರೆದುರು ತಿದ್ದಿದರೆ ಆ ಮಗು ಮರುದಿನ ಬರುವುದಿಲ್ಲ.

ದೊಡ್ಡವರ ಸ್ವಂತ ಪಾಠ ಹಿಂದೆ ಬೀಳದಂತೆಯೂ ನೋಡಿ. ಮೊದಲು ಅವರದ್ದು ಕೇಳಿ, ಆಮೇಲೆ 20 ನಿಮಿಷ ಚಿಕ್ಕವರ ಜೊತೆ ಕೂರಿಸಿ. 10ನೇ ತರಗತಿಯವರನ್ನು ಪಬ್ಲಿಕ್ ಪರೀಕ್ಷೆಗೆ ಎರಡು ತಿಂಗಳಿರುವಾಗಲೇ ಬಿಡಿಸಿ, ಆ ಜಾಗಕ್ಕೆ 8ನೆಯವರನ್ನು ಈಗಿನಿಂದಲೇ ಪಕ್ಕದಲ್ಲಿ ಕೂರಿಸಿ ತಯಾರು ಮಾಡಿ.