ಪ್ರಶ್ನೋತ್ತರ: ಹಾಸ್ಟೆಲ್ ಮಕ್ಕಳಿಗೆ ಚಿತ್ರ, ಮಣ್ಣು, ತಮಟೆ

ಪ್ರಶ್ನೆ (ವಾರ್ಡನ್, ಕೋಲಾರ ಜಿಲ್ಲೆ): ನಮಸ್ಕಾರ ಮೇಡಂ. ನಮ್ಮಲ್ಲಿ 8ರಿಂದ 12 ವರ್ಷದ ಹದಿನಾಲ್ಕು ಮಕ್ಕಳಿದ್ದಾರೆ. ಕೆಲವರಿಗೆ ಅಪ್ಪ ಅಮ್ಮ ಇಲ್ಲ, ಕೆಲವರು ಇಟ್ಟಿಗೆ ಗೂಡಿನಲ್ಲಿ ದುಡೀತಿದ್ದವರು. ಭಾನುವಾರ ಚಿತ್ರ, ಮಣ್ಣಿನ ಕೆಲಸ ಮಾಡಿಸೋಣ ಅಂತಿದೀನಿ. ಒಬ್ಬ ಹುಡುಗ ಮಾತ್ರ ಹಾಳೆ ಪೂರ್ತಿ ಕಪ್ಪು ಬಳೀತಾನೆ. ಏನರ್ಥ? ಏನೇನು ಸಾಮಾನು ತರಲಿ?

ಉತ್ತರ (ಮಕ್ಕಳ ಆಪ್ತಸಮಾಲೋಚಕಿ): ಕಪ್ಪು ನೋಡಿ ಏನೂ ತೀರ್ಮಾನ ಮಾಡಬೇಡಿ ಸರ್. ಮೊದಲು ಬಣ್ಣದ ಡಬ್ಬಿ ನೋಡಿ. ಎಷ್ಟೋ ಸಲ ದೊಡ್ಡ ಹುಡುಗರು ಕೆಂಪು, ನೀಲಿ ಎತ್ತಿಕೊಂಡು ಚಿಕ್ಕವರಿಗೆ ಕಪ್ಪೊಂದೇ ಉಳಿದಿರುತ್ತದೆ. ಬಣ್ಣಕ್ಕೊಂದು ಅರ್ಥ ಹಚ್ಚಿ ಮಗುವಿನ ಮನಸ್ಸು ಓದುವುದು ತಪ್ಪು. ಅವನು ಊಟ, ನಿದ್ದೆ, ಆಟ ಹೇಗೆ ಮಾಡುತ್ತಿದ್ದಾನೆ ಗಮನಿಸಿ. ಅದು ಕೆಟ್ಟಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ.

‘ಯಾಕೆ ಕಪ್ಪು?’ ಅಂತ ಕೇಳಿದರೆ ಮಗುವಿಗೆ ತಾನು ತಪ್ಪು ಮಾಡಿದೆ ಅನ್ನಿಸುತ್ತದೆ. ‘ಇಲ್ಲಿ ಜೋರಾಗಿ ಒತ್ತಿ ಬಳಿದಿದ್ದೀಯ’ ಅಂತ ಕಂಡದ್ದನ್ನಷ್ಟೇ ಹೇಳಿ, ‘ಇದರ ಬಗ್ಗೆ ಏನಾದರೂ ಹೇಳ್ತೀಯಾ?’ ಅಂದು ಸುಮ್ಮನಾಗಿ. ಹೇಳದಿದ್ದರೂ ಸರಿ. ನಿಮ್ಮ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ತೆಲುಗಲ್ಲೇ ಹೇಳಲಿ, ಕನ್ನಡಕ್ಕೆ ತಿದ್ದಬೇಡಿ. ಎಲ್ಲರಿಗೂ ‘ತುಂಬಾ ಚೆನ್ನಾಗಿದೆ’ ಅನ್ನುತ್ತಾ ಹೋದರೆ ಮುಂದಿನ ವಾರದಿಂದ ನಿಮಗೆ ಇಷ್ಟವಾಗುವ ಚಿತ್ರವನ್ನೇ ಬರೆಯಲು ಶುರು ಮಾಡುತ್ತಾರೆ.

ಹದಿನಾಲ್ಕು ಜನರನ್ನು ಒಟ್ಟಿಗೆ ಕೂರಿಸಬೇಡಿ, ಏಳೇಳು ಮಾಡಿ. ಗುಂಪಿಗೆ ಇಬ್ಬರು ದೊಡ್ಡವರು ಬೇಕು, ಒಂದು ಮಗು ಅತ್ತು ಎದ್ದು ಹೋದರೆ ಒಬ್ಬರು ಅದರ ಜೊತೆ ಹೋಗಬೇಕಲ್ಲ. ಒಂದು ಗಂಟೆಯಲ್ಲಿ ಮೊದಲ ಹತ್ತು ನಿಮಿಷ ಮೈ ಸಡಿಲಿಸುವ ಆಟ, ಆಮೇಲೆ ಅರ್ಧ ಗಂಟೆ ಕೆಲಸ, ಉಳಿದದ್ದು ತೋರಿಸಲು, ಎತ್ತಿಡಲು. ಕೊನೆಯ ಭಾಗವನ್ನು ಎಂದೂ ಕತ್ತರಿಸಬೇಡಿ. ಊಟದ ಗಂಟೆ ಹೊಡೆಯಿತೆಂದು ಅರ್ಧಕ್ಕೆ ಎಬ್ಬಿಸಿದರೆ ಕಲಕಿದ ಮನಸ್ಸು ಹಾಗೇ ಉಳಿದು, ರಾತ್ರಿ ಜಗಳವಾಗಿ ಹೊರಬರುತ್ತದೆ.

ಮೊದಲ ಕೆಲವು ವಾರ ಪೆನ್ಸಿಲ್, ಆಯಿಲ್ ಪೇಸ್ಟಲ್ ಸಾಕು. ಅವು ಕೈಯ ಹಿಡಿತದಲ್ಲಿರುತ್ತವೆ. ನೀರುಬಣ್ಣ ಹರಿದು ಹೋಗುತ್ತದೆ. ಬದುಕಿನಲ್ಲಿ ಯಾವುದೂ ತನ್ನ ಕೈಲಿಲ್ಲ ಅಂತ ಕಂಡ ಮಗುವಿಗೆ ಅದು ಗಾಬರಿ. 12 ಬಣ್ಣದ ಡಬ್ಬಿ ತಲೆಗೊಂದು, ಮೇಲೆ ಅವರವರ ಹೆಸರು. ಎ4 ಅಳತೆಯ ದಪ್ಪ ಹಾಳೆಗೆ ಅಂಚಿನಿಂದ ಎರಡು ಬೆರಳು ಬಿಟ್ಟು ಮೊದಲೇ ಚೌಕಟ್ಟು ಎಳೆದುಕೊಡಿ, ಖಾಲಿ ಹಾಳೆಯ ಅಂಜಿಕೆ ತಗ್ಗುತ್ತದೆ. ‘ನಿನ್ನ ಮನೆ ಬರಿ, ಅಮ್ಮನ್ನ ಬರಿ’ ಅನ್ನಲೇಬೇಡಿ. ‘ಒಂದು ಪ್ರಾಣಿ ಬರಿ, ಅದು ನೆಮ್ಮದಿಯಾಗಿರೋಕೆ ಏನೇನು ಬೇಕೋ ಸುತ್ತ ಬರಿ’ ಅನ್ನಿ.

ಮಣ್ಣಿನ ವಿಷಯಕ್ಕೆ ನಿಧಾನ. ಗೂಡಿನಲ್ಲಿ ಇಟ್ಟಿಗೆ ಹಾಕಿದ ಮಗುವಿಗೆ ಹಸಿ ಮಣ್ಣು ಕೂಲಿಯ, ಬೈಗುಳದ ನೆನಪಾಗಿರಬಹುದು. ಮಾಲೂರಿನಂಥ ಗೂಡುಗಳ ಸೀಮೆಯಲ್ಲಿ ಇದನ್ನು ಮರೆಯಬಾರದು. ಪಕ್ಕದಲ್ಲಿ ಬಟ್ಟೆಚೂರು, ಹಳೇ ಪೇಪರ್, ಅಂಟು ಇಡಿ, ಬೇಕಾದದ್ದನ್ನು ಅವರೇ ಎತ್ತಿಕೊಳ್ಳಲಿ. ಕುಂಬಾರರ ಹತ್ತಿರ ಸೋಸಿದ ಜೇಡಿಮಣ್ಣು ತಂದು, ಕೈಗೆ ಅಂಟದ ಹದಕ್ಕೆ ನಾದಿ, ಮಗುವಿಗೆ ಕಾಲು ಕೆಜಿ ಕೊಡಿ. ನೀರು ಅರ್ಧ ಲೋಟ ಮಾತ್ರ. ಬಕೆಟ್ ಇಟ್ಟರೆ ಹತ್ತು ನಿಮಿಷಕ್ಕೆ ಕೆಸರಾಗಿ ಎರಚಾಟ ಶುರು. ಮಾಡಿದ್ದನ್ನು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟು ಬಿರುಕು ಬಿಟ್ಟರೆ ಕೆಲವು ಮಕ್ಕಳಿಗೆ ಅದು ಇನ್ನೊಂದು ನಷ್ಟ. ತಾನೇ ಮಾಡಿದ್ದನ್ನು ಜಜ್ಜಿ ಹಾಕಿದರೆ ತಡೆಯಬೇಡಿ. ಬೇರೆಯವರದ್ದನ್ನು ಮುಟ್ಟಬಾರದು, ಅದೊಂದು ನಿಯಮ.

ಇನ್ನೊಬ್ಬ ಸದಸ್ಯರು: ಸರ್, ಆ ಕಪ್ಪು ಚಿತ್ರದ ಫೋಟೊ ಇಲ್ಲಿ ಹಾಕಿ, ಎಲ್ಲರೂ ನೋಡಿ ಹೇಳೋಣ.

ಉತ್ತರ: ದಯವಿಟ್ಟು ಬೇಡ. ಚಿತ್ರ ಆ ಮಗುವಿನದು, ಅದರ ಪಾಡಿಗೆ ಫೈಲಿನಲ್ಲಿರಲಿ. ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲಾಗುವಂಥದ್ದನ್ನು ಪ್ರಕಟಿಸುವುದಕ್ಕೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅಡ್ಡಿ ಇದೆ. ಗೋಡೆಗೆ ಅಂಟಿಸುವಾಗಲೂ ಮಗುವನ್ನು ಕೇಳಿ, ಹೆಸರು ಬರೆಯಬೇಡಿ.

ವಾರ್ಡನ್: ಬರೀತಾ ಬರೀತಾ ಯಾರೋ ಕೆಟ್ಟದಾಗಿ ಮುಟ್ಟಿದರು ಅಂತ ಹೇಳಿಬಿಟ್ಟರೆ?

ಉತ್ತರ: ‘ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ’ ಅನ್ನಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ನಿಮಗೆ ಆಗುವುದಿಲ್ಲ. ಯಾರು, ಎಲ್ಲಿ, ಎಷ್ಟು ಸಲ ಅಂತ ಕೆದಕಬೇಡಿ. ‘ಆ ಅಂಕಲ್ ತಾನೆ?’ ಅಂತ ನೀವೇ ಹೆಸರು ಇಟ್ಟರೆ ಮುಂದೆ ಹೇಳಿಕೆಯೇ ಕೆಡುತ್ತದೆ. ಮಗು ಆಡಿದ ಮಾತನ್ನು ಅದರದೇ ಪದಗಳಲ್ಲಿ ದಿನಾಂಕ ಹಾಕಿ ಬರೆದಿಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಜೊತೆಗೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ.

ಪ್ರಶ್ನೆ (ಶಿಕ್ಷಕಿ, ಚಿಂತಾಮಣಿ): ನಮ್ಮ ಕಡೆ ತಮಟೆ ಚೆನ್ನಾಗಿದೆ ಅಕ್ಕ. ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಮೇಲೆ ಮಕ್ಕಳಿಗೂ ಆಸೆ. ಬಳಸಬಹುದಾ?

ಉತ್ತರ: ಖಂಡಿತ. ಆದರೆ ನೇರ ತಮಟೆ ಕೊಡಬೇಡಮ್ಮ. ಹೆಣದ ಮುಂದೆ ತಮಟೆ ಕೇಳಿದ ಮಗುವಿಗೆ ಆ ಸದ್ದೇ ಸಾಕು ನಡುಗಲು. ಮೊದಲು ತೊಡೆ ತಟ್ಟಿ ನಾಲ್ಕೇಟಿನ ತಾಳ, ಒಂದು ಮಗು ಹಾಕಿದ್ದನ್ನು ಉಳಿದವರು ಹಿಂಬಾಲಿಸಲಿ. ಆಮೇಲೆ ಒಂದೇ ತಮಟೆ, ಬಯಲಲ್ಲಿ. ಕೈ ಎತ್ತಿದರೆ ಎಲ್ಲರೂ ನಿಲ್ಲಿಸಬೇಕು, ಕೈ ಎತ್ತುವ ಸರದಿಯೂ ಮಕ್ಕಳದ್ದೇ. ತಮಟೆ ಬಾರಿಸುವ ಮನೆಯ ಮಕ್ಕಳ ಕೈಗೇ ಕೋಲು ಕೊಟ್ಟು ಉಳಿದವರನ್ನು ಕುಣಿಯಲು ಬಿಟ್ಟರೆ ಊರಿನ ಜಾತಿಯನ್ನೇ ಶಾಲೆಯೊಳಕ್ಕೆ ತಂದ ಹಾಗಾಗುತ್ತದೆ, ಎಲ್ಲರಿಗೂ ಸರದಿ ಇರಲಿ. ಚರ್ಮ ಬಿಗಿಯಾಗಲು ಬೆಂಕಿಗೆ ಕಾಯಿಸುವ ಕೆಲಸ ಮಾತ್ರ ದೊಡ್ಡವರದ್ದು, ಮಕ್ಕಳು ಬರುವ ಮೊದಲೇ ಮುಗಿಸಿ.